ಗೈಡೆಡ್ ವೇವ್ ವರದಿ ಬಂದ ಮೇಲೂ ಹೊದಿಕೆ ಬಿಚ್ಚಬೇಕೇ?

ಪ್ರಶ್ನೆ: ನಮ್ಮ ಸ್ಥಾವರದಲ್ಲಿ ಉಷ್ಣನಿರೋಧಕ ಹೊದಿಕೆಯೊಳಗಿರುವ ಎಂಟು ಇಂಚಿನ ಉಕ್ಕಿನ ಕೊಳವೆಯನ್ನು ಗೈಡೆಡ್ ವೇವ್ ವಿಧಾನದಲ್ಲಿ, ಅಂದರೆ ಕೊಳವೆಯ ಗೋಡೆಯ ಉದ್ದಕ್ಕೂ ತರಂಗ ಕಳುಹಿಸಿ, ಪರೀಕ್ಷಿಸಲಾಯಿತು. ಒಂದೇ ಕಡೆ ಹೊದಿಕೆ ತೆಗೆದು, ಅಲ್ಲಿ ಸಂವೇದಕಗಳ ಉಂಗುರ ಕಟ್ಟಿ, ಎರಡೂ ದಿಕ್ಕಿನಲ್ಲಿ 30 ಮೀಟರ್‌ವರೆಗೆ ‘ಗಮನಾರ್ಹ ದೋಷಗಳಿಲ್ಲ’ ಎಂದು ವರದಿ ಕೊಟ್ಟಿದ್ದಾರೆ. ಅಷ್ಟು ದೂರದ ತುಕ್ಕು ಒಂದೇ ಸ್ಥಳದಿಂದ ತಿಳಿಯುವುದು ಹೇಗೆ? ಈ ವರದಿಯನ್ನು ನಂಬಿ ಉಳಿದ ಹೊದಿಕೆಯನ್ನು ಮುಟ್ಟದೆ ಬಿಡಬಹುದೇ?

ಉತ್ತರ: ದಪ್ಪ ಅಳೆಯುವ ಸಾಮಾನ್ಯ ಅಲ್ಟ್ರಾಸಾನಿಕ್ ಉಪಕರಣ ಕೆಲವು ಮೆಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತದೆ. ಆ ತರಂಗದ ಉದ್ದ ಉಕ್ಕಿನಲ್ಲಿ ಒಂದೆರಡು ಮಿಲಿಮೀಟರ್ ಮಾತ್ರ. ಹೀಗಾಗಿ ಅದು ಪ್ರೋಬ್ ಇಟ್ಟ ಜಾಗದ ಕೆಳಗಿನ ದಪ್ಪವನ್ನಷ್ಟೇ ಹೇಳಬಲ್ಲದು. ಗೈಡೆಡ್ ವೇವ್ ಪರೀಕ್ಷೆಯಲ್ಲಿ ಬಳಸುವ ಆವರ್ತನ ಸುಮಾರು 20ರಿಂದ 100 ಕಿಲೋಹರ್ಟ್ಸ್. 50 ಕಿಲೋಹರ್ಟ್ಸ್‌ನಲ್ಲಿ ತರಂಗದ ಉದ್ದ 65 ಮಿಲಿಮೀಟರ್, ಅಂದರೆ ಗೋಡೆಯ ದಪ್ಪದ ಹಲವು ಪಟ್ಟು. ಆದ್ದರಿಂದ ಕೊಳವೆಯ ಗೋಡೆ ಪೂರ್ತಿಯಾಗಿ ಕಂಪಿಸಿ, ತಾನೇ ತರಂಗಕ್ಕೆ ದಾರಿಯಾಗುತ್ತದೆ. ತಟ್ಟೆಗಳಲ್ಲಿ ಇಂಥ ತರಂಗಗಳ ಗಣಿತವನ್ನು ಹೊರೇಸ್ ಲ್ಯಾಂಬ್ 1917ರಲ್ಲಿಯೂ, ಟೊಳ್ಳು ಸಿಲಿಂಡರಿನಲ್ಲಿ ಗಾಜಿಸ್ 1959ರಲ್ಲಿಯೂ ಬಿಡಿಸಿದ್ದರು. ಅದು ಕ್ಷೇತ್ರದಲ್ಲಿ ಬಳಸಬಹುದಾದ ಉಪಕರಣವಾಗಿದ್ದು 1990ರ ದಶಕದಲ್ಲಿ, ಮುಖ್ಯವಾಗಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡದ ಕೆಲಸದಿಂದ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಕೊಳವೆಯನ್ನು ಅದರ ಅಕ್ಷದ ಸುತ್ತ ಹಿಂದೆ ಮುಂದೆ ತಿರುಚುತ್ತ ಸಾಗುವ ಟಾರ್ಷನಲ್ ತರಂಗ. ಅದರ ವೇಗ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 3,250 ಮೀಟರ್. ಆವರ್ತನ ಬದಲಾದರೂ ಈ ವೇಗ ಬದಲಾಗುವುದಿಲ್ಲವಾದ್ದರಿಂದ, ಸ್ಪಂದನ ದೂರ ಹೋದಂತೆ ಹರಡಿ ಚದುರುವುದಿಲ್ಲ. ಒಳಗೆ ನೀರು ಹರಿಯುತ್ತಿದ್ದರೂ ತೊಂದರೆ ಇಲ್ಲ, ಏಕೆಂದರೆ ತೆಳುವಾದ ದ್ರವ ಈ ಬಗೆಯ ಚಲನೆಯನ್ನು ಹೊತ್ತೊಯ್ಯಲಾರದು. 20 ಮೀಟರ್ ದೂರದ ಪ್ರತಿಧ್ವನಿ ಸುಮಾರು 12 ಮಿಲಿಸೆಕೆಂಡಿನಲ್ಲಿ ಮರಳುತ್ತದೆ. ಆ ಸಮಯದಿಂದಲೇ ದೋಷದ ಸ್ಥಾನ ಗೊತ್ತಾಗುತ್ತದೆ.

ಪ್ರತಿಧ್ವನಿ ಹುಟ್ಟುವುದು ಗೋಡೆಯ ಅಡ್ಡಕೊಯ್ತದ ವಿಸ್ತೀರ್ಣ ಬದಲಾದ ಕಡೆ. ಸುತ್ತಲೂ ಒಂದೇ ಸಮನಾಗಿರುವ ಬೆಸುಗೆಯಿಂದ ಹೋದ ತರಂಗವೇ ಹಿಂದಿರುಗುತ್ತದೆ. ಒಂದೇ ಪಕ್ಕದಲ್ಲಿ ತಿಂದುಹೋದ ಜಾಗದಿಂದ ಅದರ ಒಂದು ಭಾಗ ಕೊಳವೆಯನ್ನು ಬಾಗಿಸುವ ತರಂಗವಾಗಿ ಬದಲಾಗಿ ಬರುತ್ತದೆ. ಉಪಕರಣ ಇವೆರಡನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ, ಬೆಸುಗೆಯನ್ನೂ ತುಕ್ಕನ್ನೂ ಪ್ರತ್ಯೇಕಿಸುವುದು ಮುಖ್ಯವಾಗಿ ಈ ಹೋಲಿಕೆಯಿಂದಲೇ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ದೋಷವನ್ನು ವರದಿ ಮಾಡುವ ಮಿತಿಯನ್ನು ಸಾಮಾನ್ಯವಾಗಿ ಅಡ್ಡಕೊಯ್ತದ 5 ಪ್ರತಿಶತ ನಷ್ಟಕ್ಕೆ ಇಡುತ್ತಾರೆ. ಈ ಸಂಖ್ಯೆ ಗೋಡೆಯ ಆಳವನ್ನು ಸೂಚಿಸುವುದಿಲ್ಲ ಎಂಬುದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ನಿಮ್ಮ ಕೊಳವೆಯ ಹೊರವ್ಯಾಸ ಸುಮಾರು 219 ಮಿಲಿಮೀಟರ್, ಸುತ್ತಳತೆ ಸುಮಾರು 688 ಮಿಲಿಮೀಟರ್. ಇದರಲ್ಲಿ 69 ಮಿಲಿಮೀಟರ್ ಅಗಲದಲ್ಲಿ ಗೋಡೆ ಅರ್ಧದಷ್ಟು ಸವೆದರೆ ನಷ್ಟ 5 ಪ್ರತಿಶತ. ಅದರ ಎರಡರಷ್ಟು ಅಗಲದಲ್ಲಿ ಕಾಲುಭಾಗ ಸವೆದರೂ ಅಷ್ಟೇ. ಆದರೆ 10 ಮಿಲಿಮೀಟರ್ ಅಗಲದ ಗುಳಿಯೊಂದು ಗೋಡೆಯನ್ನು ಪೂರ್ತಿ ತೂತು ಮಾಡಿದ್ದರೂ ನಷ್ಟ ಸುಮಾರು 1.5 ಪ್ರತಿಶತವನ್ನು ದಾಟುವುದಿಲ್ಲ. ಅಂದರೆ, ಸೋರುತ್ತಿರುವ ಕೊಳವೆಗೂ ನಿಮಗೆ ಬಂದಂಥ ವರದಿಯೇ ಬರಬಹುದು, ಮತ್ತು ಪರೀಕ್ಷಕರು ಏನೂ ತಪ್ಪು ಮಾಡಿರುವುದಿಲ್ಲ. ವಿಸ್ತಾರವಾದ ತುಕ್ಕಿಗೆ ಈ ವಿಧಾನ ಬಹಳ ಒಳ್ಳೆಯದು. ನಿಮ್ಮ ಕೊಳವೆಯಲ್ಲಿ ಬರುವುದು ಅಗಲ ಕಡಿಮೆಯಿದ್ದು ಆಳವಾಗಿರುವ ಗುಳಿಗಳಾದರೆ, ನನ್ನ ಅಭಿಪ್ರಾಯದಲ್ಲಿ ಇದನ್ನೊಂದನ್ನೇ ನೆಚ್ಚಿಕೊಳ್ಳಬಾರದು.

ಕೊಳವೆಯ ಉದ್ದಕ್ಕೆ ಹಬ್ಬಿದ ಬಿರುಕು ಮತ್ತು ಬಹುದೂರ ನಿಧಾನವಾಗಿ ತೆಳುವಾಗುತ್ತ ಹೋದ ಗೋಡೆ ಇವೆರಡೂ ದುರ್ಬಲ ಪ್ರತಿಧ್ವನಿಯನ್ನಷ್ಟೇ ಕೊಡುತ್ತವೆ. ಉಂಗುರದ ಕೆಳಗಿನ ಮತ್ತು ಅದಕ್ಕೆ ತೀರ ಹತ್ತಿರದ ಭಾಗವೂ, ಫ್ಲ್ಯಾಂಜಿನ (ಕೊಳವೆಗಳನ್ನು ಬೋಲ್ಟಿನಿಂದ ಜೋಡಿಸುವ ಅಂಚುಪಟ್ಟಿ) ದೊಡ್ಡ ಪ್ರತಿಧ್ವನಿಯಲ್ಲಿ ಮುಳುಗುವ ಪಕ್ಕದ ಭಾಗವೂ ಪರೀಕ್ಷೆಗೆ ಸಿಗುವುದಿಲ್ಲ. ಫ್ಲ್ಯಾಂಜಿನ ಆಚೆಗೆ ತರಂಗ ದಾಟದು. ತಿರುವುಗಳನ್ನು ದಾಟಿದ ಮೇಲೆ ಸಂಕೇತದ ಅರ್ಥ ಗೊಂದಲವಾಗುತ್ತದೆ. ಎರಡನೆಯ ತಿರುವಿನ ನಂತರದ ಫಲಿತಾಂಶವನ್ನು ನಾನಂತೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಗುರವಾದ ಖನಿಜ ಉಣ್ಣೆಯ ಹೊದಿಕೆ ತರಂಗವನ್ನು ಅಷ್ಟಾಗಿ ಕುಗ್ಗಿಸದು, ಆದರೆ ಬಿಟುಮೆನ್ ಲೇಪಿಸಿ ನೆಲದಲ್ಲಿ ಹೂತ ಕೊಳವೆಯಲ್ಲಿ ವ್ಯಾಪ್ತಿ ಕೆಲವೇ ಮೀಟರುಗಳಿಗೆ ಇಳಿಯಬಹುದು.

ಆದ್ದರಿಂದ ವರದಿಯ ಕೊನೆಯ ಸಾಲಿಗಿಂತ ಮೊದಲು, ಯಾವ ದೂರದಿಂದ ಎಷ್ಟು ಪ್ರತಿಧ್ವನಿ ಬಂತು ಎಂದು ತೋರಿಸುವ ಮೂಲ ನಕ್ಷೆಯನ್ನು ಕೇಳಿ ಪಡೆಯಿರಿ. ಬೆಸುಗೆಗಳ ಪ್ರತಿಧ್ವನಿಗಳು ನಿಮ್ಮ ರೇಖಾಚಿತ್ರದಲ್ಲಿರುವ ದೂರಗಳಲ್ಲೇ ಕಾಣುತ್ತಿವೆಯೇ ಎಂದು ನೋಡಿ. 27ನೆಯ ಮೀಟರಿನಲ್ಲಿ ಇರಬೇಕಾದ ಬೆಸುಗೆ ಕಾಣದಿದ್ದರೆ, ಅಲ್ಲಿ ತುಕ್ಕು ಕಾಣಲಿಲ್ಲ ಎಂಬ ಮಾತಿಗೆ ಬೆಲೆಯಿಲ್ಲ. ದೂರ ಹೆಚ್ಚಿದಂತೆ ಇಳಿಯುವ 5 ಪ್ರತಿಶತದ ಮಿತಿರೇಖೆ ಹಿನ್ನೆಲೆಯ ಗದ್ದಲದಲ್ಲಿ ಸೇರಿಹೋಗುವಲ್ಲಿಗೆ ಪರೀಕ್ಷೆಯ ನಿಜವಾದ ವ್ಯಾಪ್ತಿ ಮುಗಿಯುತ್ತದೆ, ವರದಿಯಲ್ಲಿ ಎಷ್ಟೇ ಮೀಟರ್ ಬರೆದಿರಲಿ. ನೆಲದ ಮೇಲಿನ ಕೊಳವೆಗಳಿಗೆ ಈ ಬಗೆಯ ಪರೀಕ್ಷೆಯ ಕ್ರಮವನ್ನು ಐಎಸ್ಒ 18211 ಮಾನದಂಡ ನಿಗದಿಪಡಿಸಿದೆ. ವರದಿ ಅದಕ್ಕೆ ಅನುಗುಣವಾಗಿದೆಯೇ ಎಂದೂ ವಿಚಾರಿಸಬಹುದು.

ಹೊದಿಕೆಯನ್ನೆಲ್ಲ ಬಿಚ್ಚುವ ಅಗತ್ಯವಿಲ್ಲ. ಮಿತಿಗಿಂತ ಕೆಳಗಿದ್ದರೂ ಬಾಗುವ ತರಂಗದ ಪಾಲು ಎದ್ದು ಕಾಣುವ ಜಾಗಗಳು, ಆಧಾರಗಳ ಸ್ಥಾನಗಳು, ಹೊರಕವಚದ ಕೀಲು ಬಿಟ್ಟು ನೀರು ಇಳಿದಿರಬಹುದಾದ ತಗ್ಗುಗಳು, ತಿರುವುಗಳ ಆಚೆಯ ಭಾಗಗಳು ಇವಿಷ್ಟನ್ನು ತೆರೆದು, ಸಾಮಾನ್ಯ ಅಲ್ಟ್ರಾಸಾನಿಕ್ ಉಪಕರಣದಿಂದ ಗೋಡೆಯ ಉಳಿದ ದಪ್ಪವನ್ನು ಅಳೆಸಿ. ಕೊಳವೆ ಇನ್ನೂ ಎಷ್ಟು ಒತ್ತಡ ತಾಳಬಲ್ಲದು ಎಂಬ ಲೆಕ್ಕಕ್ಕೆ ಬೇಕಾಗುವುದು ಆ ದಪ್ಪದ ಅಳತೆಯೇ.