ಬ್ರಾನ್ ರಾಜನಾಗೋದು ಪುಸ್ತಕದಲ್ಲೂ ಖಚಿತವಾ?

‘ಗೇಮ್ ಆಫ್ ಥ್ರೋನ್ಸ್’ ಟೀವಿ ಸೀರೀಸ್ ಕೊನೆಯಲ್ಲಿ ಸ್ಟಾರ್ಕ್ ಮನೆತನದ ಹುಡುಗ ಬ್ರಾನ್ ರಾಜನಾದ, ಇನ್ನೂ ಮುಗಿಯದ ಮೂಲ ಕಾದಂಬರಿ ಸರಣಿಯ ಲೇಖಕ ಮಾರ್ಟಿನ್ ಅವರ ಪುಸ್ತಕದಲ್ಲೂ ಹಾಗೇ ಆಗತ್ತಾ ಅಂತ ಕೇಳಿದ್ದೀರಿ. ಆಗತ್ತೆ ಅಂತಲೇ ನನ್ನ ಊಹೆ. 1996ರ ಮೊದಲ ಪುಸ್ತಕದಲ್ಲಿ ಪೀಠಿಕೆ ಮುಗಿದ ಕೂಡಲೇ ಬರೋ ಅಧ್ಯಾಯ ಬ್ರಾನ್‌ದೇ ಅಲ್ವಾ? ಅದನ್ನ ಸುಮ್ಮನೆ ಅಲ್ಲಿಟ್ಟಿರಲಾರರು. ಆದರೆ ಅಲ್ಲಿಗೆ ತಲುಪೋ ದಾರಿ 2019ರಲ್ಲಿ ಟೀವಿಯಲ್ಲಿ ನೋಡಿದ್ದಂತೂ ಆಗಿರಲ್ಲ.

ಕಾರಣ ಯಂಗ್ ಗ್ರಿಫ್. ಟೀವಿಯವರು ಈ ಹುಡುಗನನ್ನ ಪೂರ್ತಿ ಕೈಬಿಟ್ಟರು. 2011ರ ಐದನೇ ಪುಸ್ತಕದಲ್ಲಿ ಇವನು ಸತ್ತ ರಾಜಕುಮಾರ ರೇಗರ್‌ನ ಮಗ ಏಗಾನ್ ಅನ್ನೋ ಹೆಸರಲ್ಲಿ, ಬಾಡಿಗೆ ಸೈನ್ಯದ ಜೊತೆ ಸಿಂಹಾಸನ ಇರೋ ವೆಸ್ಟರಾಸ್‌ಗೆ ಬಂದಿಳೀತಾನೆ. ಈಗ ಎರಡನೇ ಪುಸ್ತಕ ತೆಗೆದು, ಮಾಂತ್ರಿಕರ ಮನೆಯಲ್ಲಿ ರೇಗರ್‌ನ ತಂಗಿ ಡೆನೇರಿಸ್‌ಗೆ ಕಾಣೋ ದೃಶ್ಯಗಳನ್ನ ಮತ್ತೆ ಓದಿ. ಗಳುಗಳ ಮೇಲೆ ಓಲಾಡ್ತಿರೋ ಬಟ್ಟೆಯ ಡ್ರ್ಯಾಗನ್, ಸುತ್ತ ಜೈಕಾರ ಹಾಕೋ ಜನ. ಆ ಬಟ್ಟೆ ಡ್ರ್ಯಾಗನ್ ಅಂದರೆ ಈ ನಕಲಿ ಏಗಾನೇ ಅಂತ ನನ್ನ ಲೆಕ್ಕ. ಅದು 1998ರದ್ದು ಸ್ವಾಮಿ! ಜನ ಆಗಲೇ ಈ ಬಟ್ಟೆ ಡ್ರ್ಯಾಗನ್‌ಗೆ ಮನಸೋತಿರುವಾಗ ನಿಜವಾದ ಡ್ರ್ಯಾಗನ್‌ಗಳ ಒಡತಿ ಡೆನೇರಿಸ್ ಬಂದರೆ ಯಾರಿಗೆ ಬೇಕು? ಅವಳು ರಾಜಧಾನಿ ಸುಡೋದಕ್ಕೆ ಟೀವಿಯಲ್ಲಿ ಸಿಗದ ಕಾರಣ ಇಲ್ಲಿ ಸಿಗತ್ತೆ.

ಐದನೇ ಪುಸ್ತಕದ ಕೊನೆಯಲ್ಲಿ ಇರಿತಕ್ಕೆ ಸಿಕ್ಕ ಜಾನ್ ಸ್ನೋ ಬದುಕಿ ಬರ್ತಾನೆ, ಅದರಲ್ಲಿ ಚರ್ಚೆ ಮಾಡೋದಕ್ಕೇನಿಲ್ಲ. ಸತ್ತು ಮತ್ತೆ ಎದ್ದು ಬಂದು ಸೇಡು ತೀರಿಸಿಕೊಳ್ತಿರೋ ಬ್ರಾನ್‌ನ ತಾಯಿ, ಅಂದರೆ ಲೇಡಿ ಸ್ಟೋನ್‌ಹಾರ್ಟ್ ಕಥೆಗೆ ಮುಕ್ತಾಯ ಏನು ಅಂತ ಮಾತ್ರ ನನಗೆ ಇವತ್ತಿಗೂ ಹೊಳೆದಿಲ್ಲ. ಅವಳ ವೈರಿ ಮನೆತನದ ಜೇಮಿ ಅವಳ ಕೈಗೆ ಸಿಕ್ಕೇ ಸಿಗ್ತಾನೆ ಅನ್ಸತ್ತೆ. ಅವಳ ಕೈಗೆ ಸಿಕ್ಕಿದ್ದ ಯೋಧೆ ಬ್ರಿಯೆನ್ ಬಂದು ಅವನನ್ನ ಕರ್ಕೊಂಡು ಹೊರಟಿದ್ದು ಬೇರೆ ಯಾತಕ್ಕೆ? ನಿಮಗೇನನ್ಸತ್ತೆ?