ಪುಷ್ಟಿ ಪುಡಿ ಮನೆಮಂದಿಯೆಲ್ಲ ತಿಂದರೆ ತಪ್ಪು ಯಾರದ್ದು?

ಪ್ರಶ್ನೆ: ಅಂಗನವಾಡಿಯಿಂದ ಚಿಕ್ಕ ಮಕ್ಕಳಿಗೆ ಅಂತ ಕೊಡುವ ಪುಷ್ಟಿ ಪುಡಿಯನ್ನು ಮನೆಮಂದಿಯೆಲ್ಲ ತಿಂದು ಮುಗಿಸುತ್ತಾರೆ. ಸರ್ಕಾರದ ದುಡ್ಡು ದಂಡ. ಪೊಟ್ಟಣ ನಿಲ್ಲಿಸಿ ಎಲ್ಲರಿಗೂ ಕೇಂದ್ರದಲ್ಲೇ ಊಟ ಹಾಕಬಾರದೇ?
– ಗ್ರಾಮ ಪಂಚಾಯಿತಿ ಸದಸ್ಯರು, ಸಿಂಧನೂರು ತಾಲ್ಲೂಕು

ಉತ್ತರ: ಈ ಪ್ರಶ್ನೆ ಪ್ರತಿ ತಿಂಗಳೂ ಬರುತ್ತದೆ. ಪ್ರತಿ ಸಲವೂ ತಾಯಿಯನ್ನೇ ಕಳ್ಳಿ ಮಾಡಿ ಕೇಳುತ್ತಾರೆ. ನನಗೆ ಅದನ್ನು ಸಹಿಸಲು ಆಗುವುದಿಲ್ಲ.

ಒಂದು ಮನೆಯಲ್ಲಿ ನಾನೇ ಕೂತು ನೋಡಿದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಹೊತ್ತು. ತಾಯಿಗೆ ಕೂಲಿಗೆ ಹೊರಡುವ ಅವಸರ. ಎರಡು ಹಿಡಿ ಪುಡಿಗೆ ಒಂದು ಚೊಂಬು ನೀರು ಹಾಕಿ ಗಂಜಿ ಕಾಯಿಸಿದಳು, ನಾಲ್ಕು ಲೋಟಕ್ಕೆ ಸುರಿದಳು. ದೊಡ್ಡ ಮಕ್ಕಳು ಮೂವರೂ ಗಟಗಟ ಕುಡಿದು ಶಾಲೆಗೆ ಓಡಿದರು. ಹದಿನಾಲ್ಕು ತಿಂಗಳ ಕೂಸು ನಾಲ್ಕು ಗುಟುಕು ಕುಡಿದು ಮುಖ ತಿರುಗಿಸಿತು. ಉಳಿದದ್ದನ್ನು ಅಜ್ಜಿ ಕುಡಿದರು. ಇದರಲ್ಲಿ ಕಳ್ಳತನ ಎಲ್ಲಿದೆ? ಹಸಿದ ನಾಲ್ಕು ಮಕ್ಕಳ ಮುಂದೆ ಒಂದಕ್ಕೆ ಮಾತ್ರ ಬಡಿಸುವ ತಾಯಿ ಎಲ್ಲಾದರೂ ಇದ್ದಾಳಾ?

ನಿಯಮದ ಪ್ರಕಾರ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಹೆಚ್ಚುವರಿಯಾಗಿ ಸಿಗಬೇಕು. ನಾಲ್ಕು ಪಾಲಾದರೆ ಕೂಸಿಗೆ ಉಳಿಯುವುದು 125 ಕ್ಯಾಲೊರಿ. ಆ ನೀರು ಗಂಜಿಯಲ್ಲಿ ಅದೂ ಹೊಟ್ಟೆಗೆ ಹೋಗಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ‘ವಿತರಿಸಲಾಗಿದೆ’.

ಹಾಗಾದರೆ ಕೇಂದ್ರದಲ್ಲೇ ಊಟ? ಮೂರರಿಂದ ಆರು ವರ್ಷದವರಿಗೆ ಅದು ಸರಿ, ಈಗಲೂ ನಡೆಯುತ್ತಿದೆ. ಆದರೆ ಒಂದು ವರ್ಷದ ಕೂಸು ಒಂದೇ ಸಲಕ್ಕೆ ತಟ್ಟೆ ಊಟ ಮಾಡುತ್ತದಾ? ಸ್ವಲ್ಪ ಸ್ವಲ್ಪವೇ ದಿನಕ್ಕೆ ಮೂರ್ನಾಲ್ಕು ಸಲ ತಿನ್ನಿಸಬೇಕು. ಅಷ್ಟು ಸಲ ಎತ್ತಿಕೊಂಡು ಬರುವವರು ಯಾರು?

ಗರ್ಭಿಣಿ, ಬಾಣಂತಿಯರಿಗಾಗಿ 2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಮಾತೃಪೂರ್ಣ ಯೋಜನೆ ಶುರುವಾಯಿತು. ತಿಂಗಳಿಗೆ 25 ದಿನ ಅಂಗನವಾಡಿಯಲ್ಲೇ ಬಿಸಿಯೂಟ, ಜೊತೆಗೆ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಪಾಲು ಹಂಚಿಹೋಗುವ ತೊಂದರೆ ಅಲ್ಲಿ ತಪ್ಪಿತು. ಆದರೆ ಮಲೆನಾಡಿನಲ್ಲಿ ಒಂಟಿ ಮನೆಗಳು, ಗುಡ್ಡ ಹತ್ತಿಳಿದು ಬರಬೇಕು. ತುಂಬಿದ ಬಸುರಿ ಮಳೆಯಲ್ಲಿ ಊಟಕ್ಕೆ ಅಂತ ನಡೆದು ಬರುತ್ತಾಳಾ? ಬಾಣಂತಿಯನ್ನು ಹೊಸಿಲು ದಾಟಲು ಮನೆಯವರೇ ಬಿಡುವುದಿಲ್ಲ. ಚೊಚ್ಚಲು ಹೆರಿಗೆಯಾದರೆ ಅವಳು ತವರಿನಲ್ಲಿ, ಹೆಸರು ಗಂಡನ ಊರಿನ ಅಂಗನವಾಡಿಯಲ್ಲಿ.

ಮನೆಗೆ ಕೊಟ್ಟೂ ಗೆಲ್ಲಬಹುದು. ಇಥಿಯೋಪಿಯಾ, ಮಲಾವಿಯಲ್ಲಿ 2000ರ ನಂತರ ತೀರಾ ಸೊರಗಿದ ಮಕ್ಕಳಿಗೆ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆಯ ಪೇಸ್ಟ್ ಮನೆಗೇ ಕೊಟ್ಟು ಗುಣಪಡಿಸಿದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಅದನ್ನು ಒಪ್ಪಿಕೊಂಡವು. ಎಲ್ಲರೂ ಆ ಪೇಸ್ಟನ್ನೇ ಹೊಗಳುತ್ತಾರೆ. ನಾನು ಹೊಗಳುವುದು ಅದರ ಜೊತೆಗಿದ್ದ ಕೆಲಸವನ್ನು: ಮಗುವನ್ನು ಮತ್ತೆ ಮತ್ತೆ ಕರೆಸಿ ತೂಕ ನೋಡಿದರು. ಇಂಥ ಕಾರ್ಯಕ್ರಮಗಳಲ್ಲಿ ಕೆಲವು ಕಡೆ ಮಗುವಿನ ಪಾಲು ಹಂಚಿಹೋಗದಿರಲಿ ಅಂತ ಮನೆಯವರಿಗೂ ಬೇರೆ ಧಾನ್ಯ ಕೊಟ್ಟರು. ತಾಯಿಗೆ ಬೈಯುವ ಬದಲು ಮನೆಯ ಹಸಿವನ್ನು ಲೆಕ್ಕಕ್ಕೆ ಹಿಡಿದರು.

ಸದಸ್ಯರೇ, ಪೊಟ್ಟಣ ನಿಲ್ಲಿಸಬೇಡಿ. ಕೂಲಿಗೆ ಹೋಗುವವರ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ‘ಕೂಸಿನ ಮನೆ’ ನಿಮ್ಮ ಪಂಚಾಯಿತಿಯ ಕೈಯಲ್ಲೇ ಇದೆ. ನಿಮ್ಮೂರಲ್ಲಿ ಅದರ ಬಾಗಿಲು ತೆರೆದಿದೆಯಾ? ಬಾಣಂತಿಯ ಊಟವನ್ನು ಡಬ್ಬಿಯಲ್ಲಿ ಮನೆಗೆ ಕಳಿಸಿ. ಕಾರ್ಯಕರ್ತೆಯನ್ನು ಫೋಟೊ, ಆ್ಯಪ್ ಅಂತ ಸುಮ್ನೆ ಸತಾಯಿಸಬೇಡಿ. ಕೂಸಿಗೆ ತಿನ್ನಿಸುವ ಹೊತ್ತಿಗೆ ಅವಳು ಮನೆಗೆ ಹೋಗುವಂತಾಗಲಿ. ಚಮಚ ಓರೆ ಮಾಡಿದರೆ ಗಂಜಿ ಸುರಿದುಹೋಗಬಾರದು, ಅಷ್ಟು ಗಟ್ಟಿ ಇರಬೇಕು. ಮೇಲೊಂದು ಚಮಚ ಎಣ್ಣೆ ಇಲ್ಲವೇ ತುಪ್ಪ. ಅವಳು ಇದನ್ನು ತಾಯಿಯ ಕೈಯಲ್ಲೇ ಮಾಡಿಸಬೇಕು.

ಪ್ರಶ್ನೆ: ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಇವೆಯಂತೆ, ಆರಿಸಿ ಎಸೆಯಬೇಕಾ?

ಉತ್ತರ: ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳು, ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಎಸೆಯಬೇಡಿ.

ಪ್ರಶ್ನೆ: ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದಾ?

ಉತ್ತರ: ಇಲ್ಲ. ಕಪ್ಪಾಗುವುದು ಮಲ ಮಾತ್ರ.

ಪ್ರಶ್ನೆ: ಮಗು ಸೊರಗುತ್ತಿದೆ. ಬಾಲಗ್ರಹ ಅಂತ ಹೇಳಿ ಹೊಟ್ಟೆಗೆ ಬರೆ ಹಾಕಿಸಲು ಹೇಳುತ್ತಿದ್ದಾರೆ.

ಉತ್ತರ: ಬೇಡ. ಬರೆ ಹಾಕುವವನ ಮನೆಗೆ ಕಾಲಿಡಬೇಡಿ. ಸೊರಗಿದ ಮಗುವಿಗೆ ಸುಟ್ಟ ಗಾಯದಿಂದ ಸೋಂಕು ತಗುಲಿದರೆ ಜೀವಕ್ಕೇ ಅಪಾಯ. ಇವತ್ತೇ ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ಅಳೆಸಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ಅದು 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ, ಅಥವಾ ಎರಡೂ ಪಾದ ಊದಿದ್ದರೆ, ನಾಳೆಗೆ ಅಂತ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.