ಮೂರೂವರೆ ರೂಪಾಯಿ ಬಡ್ಡಿ, ಎಂಬತ್ತು ಪೈಸೆ ಬಡ್ಡಿ

ಪ್ರಶ್ನೆ: ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ, ಸಂಬಳ 27,000. ತಂಗಿಯ ಸೀಮಂತಕ್ಕೆ, ಆಮೇಲೆ ಅಪ್ಪನ ಟೊಮೆಟೊ ತೋಟದ ಗೊಬ್ಬರ-ಔಷಧಿಗೆ ಅಂತ ಕ್ರೆಡಿಟ್ ಕಾರ್ಡ್ ಉಜ್ಜಿದೆ. ಟೊಮೆಟೊ ರೇಟ್ ಬಿದ್ದುಹೋಯಿತು. ಈಗ ಕಾರ್ಡಿನ ಬಾಕಿ 84,000. ತಿಂಗಳಿಗೆ ಮಿನಿಮಮ್ 4,200 ತಪ್ಪದೆ ಕಟ್ಟುತ್ತಿದ್ದರೂ ಸಾಲ ಕರಗುತ್ತಿಲ್ಲ. ಊರಿನಲ್ಲೊಬ್ಬರು ಎರಡು ರೂಪಾಯಿ ಬಡ್ಡಿಗೆ ಕೊಡುತ್ತಾರಂತೆ. ಪ್ರೋನೋಟು, ಸಹಿ ಮಾಡಿದ ಖಾಲಿ ಚೆಕ್ ಕೇಳುತ್ತಾರೆ. ತಗೊಂಡು ಕಾರ್ಡ್ ತೀರಿಸಲೇ? ಹೆಂಡತಿಯ 24 ಗ್ರಾಂ ಸರ ಇದೆ, ಮುಟ್ಟೋಕೆ ಮನಸ್ಸಿಲ್ಲ.
(ಹೆಸರು ಬೇಡ, ಕೋಲಾರ ತಾಲ್ಲೂಕು)

ಉತ್ತರ: ನೀವು ಕಳಿಸಿದ ಸ್ಟೇಟ್‌ಮೆಂಟ್ ನೋಡಿದೆ. ಬಡ್ಡಿ ತಿಂಗಳಿಗೆ ಶೇ. 3.5. ನಮ್ಮೂರ ಮಾತಿನಲ್ಲಿ ಹೇಳಿದರೆ ಮೂರೂವರೆ ರೂಪಾಯಿ ಬಡ್ಡಿ. ಊರಲ್ಲಿ ಯಾರಾದರೂ ಈ ರೇಟು ಹೇಳಿದ್ದರೆ ನೀವು ಎದ್ದು ಬಂದಿರುತ್ತಿದ್ದಿರಿ, ಅಲ್ವಾ?

84,000ಕ್ಕೆ ಒಂದು ತಿಂಗಳ ಬಡ್ಡಿ 2,940. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅದು 529. ನಿಮ್ಮ 4,200ರಲ್ಲಿ ಅಸಲಿಗೆ ಹೋಗಿದ್ದು ಬರೀ 731 ರೂಪಾಯಿ. ಇದರ ಮಧ್ಯೆ ಪೆಟ್ರೋಲಿಗೆ, ರೇಷನ್ನಿಗೆ ಕಾರ್ಡ್ ಉಜ್ಜುತ್ತಲೇ ಇದ್ದೀರಿ. ಹಳೇ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರ್ಚಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತದೆ. ಇವತ್ತೇ ಕಾರ್ಡನ್ನು ಬೀರುವಿಗೆ ಹಾಕಿ.

ಹಾಗಾದರೆ ಎರಡು ರೂಪಾಯಿ ಬಡ್ಡಿಯೇ ವಾಸಿ ಅಲ್ಲವೇ? ಲೆಕ್ಕದಲ್ಲಿ ವಾಸಿಯೇ. ನನಗೆ ಭಯ ಆ ಖಾಲಿ ಚೆಕ್ಕಿನದು. ನಾನು ಬ್ಯಾಂಕಿನ ಶ್ರೀನಿವಾಸಪುರದ ಶಾಖೆಯಲ್ಲಿದ್ದಾಗ, ಮಾವಿನ ಸೀಸನ್ ಮುಗಿದ ಮೇಲೆ, ಒಂದು ಚೆಕ್ ನನ್ನ ಮೇಜಿಗೆ ಬಂತು. ಸಹಿ ನೀಲಿ ಶಾಯಿ, ಮಾಸಿಹೋಗಿತ್ತು. ಅಂಕಿ ಕಪ್ಪು ಶಾಯಿ, ಹೊಚ್ಚ ಹೊಸದು. ಸಾಲ ತಗೊಂಡಿದ್ದು 30,000, ಚೆಕ್ಕಿನಲ್ಲಿದ್ದದ್ದು 1,20,000. ಖಾತೆಯಲ್ಲಿ ದುಡ್ಡಿರಲಿಲ್ಲ, ಬೌನ್ಸ್ ಮಾಡಿ ವಾಪಸ್ ಕಳಿಸಿದೆ. ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟಿದ್ದ ರೈತರು ಚೆಕ್ ಬೌನ್ಸ್ ಕೇಸಿನಲ್ಲಿ ಎರಡು ವರ್ಷ ಕೋರ್ಟಿಗೆ ಅಲೆದರು. ಶಾಯಿಯ ವ್ಯತ್ಯಾಸ ಕಣ್ಣಿಗೆ ಕಂಡಿದ್ದೂ ನನಗೇ, ಬೌನ್ಸ್ ಸೀಲು ಒತ್ತಿದ್ದೂ ನಾನೇ. ಸಹಿ ಹೊಂದಿದರೆ ಬ್ಯಾಂಕಿನವನು ಮತ್ತೇನು ಮಾಡಲಿ?

ಸರದ ವಿಷಯಕ್ಕೆ ಬರೋಣ. ಬ್ಯಾಂಕಿನ ಚಿನ್ನದ ಸಾಲ ವರ್ಷಕ್ಕೆ ಶೇ. 9.6 ಅಂತಿಟ್ಟುಕೊಳ್ಳಿ, ತಿಂಗಳಿಗೆ ಎಂಬತ್ತು ಪೈಸೆ ಬಡ್ಡಿ. ಕಾರ್ಡ್ ತೀರಿಸಲು ಬೇಕಾದ 84,000ಕ್ಕೆ 672 ರೂಪಾಯಿ. ಅದೇ 4,200 ಕಟ್ಟುತ್ತಾ ಹೋದರೆ 22 ತಿಂಗಳಿಗೆ ಚುಕ್ತಾ. ಸರಕ್ಕೆ ಇನ್ನೂ ಜಾಸ್ತಿ ಸಿಗುತ್ತದೆ ಅನ್ನುತ್ತಾರೆ, ತಗೋಬೇಡಿ. ತಿಂಗಳು ತಿಂಗಳು ಅಸಲು ಕಟ್ಟಬಹುದಾ ಅಂತ ಮೊದಲೇ ಕೇಳಿ. ಸಾಮಾನ್ಯವಾಗಿ 12 ತಿಂಗಳಿಗೆ ಗಡುವು, ರಿನ್ಯೂ ಮಾಡಿಸಬೇಕು. ಮರೆತು ಕೂತರೆ ಹರಾಜಿನ ನೋಟಿಸ್ ಬರುತ್ತದೆ.

ಇನ್ನೊಂದು ಮಾತು. ಕಾರ್ಡಿನ ಕಂತು ತಪ್ಪಿದರೆ ‘ಅರ್ಧ ಕಟ್ಟಿ, ಸೆಟಲ್ ಮಾಡ್ಕೊಳ್ಳಿ’ ಅಂತ ಫೋನ್ ಬರುತ್ತದೆ. ಕೇಳೋಕೆ ಚೆಂದ. ಆದರೆ ನಿಮ್ಮ ಸಾಲಗಳ ಚರಿತ್ರೆ ಇರುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಅಂತ ಬೀಳುತ್ತದೆ, ನಾಳೆ ಮನೆ ಸಾಲಕ್ಕೆ ಹೋದಾಗ ಮ್ಯಾನೇಜರ್ ಮೊದಲು ಓದುವುದು ಅದನ್ನೇ. ನಾನೂ ಅದನ್ನೇ ಓದುತ್ತಿದ್ದೆ. ಪೂರ್ತಿ ಕಟ್ಟಿ, ಬಾಕಿ ಇಲ್ಲ ಅಂತ ಪತ್ರ ಇಸ್ಕೊಳ್ಳಿ. ಆ ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ, ಅದಕ್ಕೆ ಏಜೆಂಟರಿಗೆ ದುಡ್ಡು ಕೊಡಬೇಡಿ.

ಮುಟ್ಟೋಕೆ ಮನಸ್ಸಿಲ್ಲ ಅಂದಿರಿ. ಸರ ಅವರದು, ಮನಸ್ಸು ಅವರದೂ ಬೇಕು. ಈ ಲೆಕ್ಕವನ್ನು ಅವರ ಮುಂದೆಯೇ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಒಪ್ಪಿದರೆ ಬ್ಯಾಂಕಿಗೆ ಇಬ್ಬರೂ ಹೋಗಿ. ತೂಕ ಹಾಕುವಾಗ ಅವರು ಪಕ್ಕದಲ್ಲೇ ನಿಂತಿರಲಿ. ಸರದಲ್ಲಿ ಕರಿಮಣಿ, ಹರಳು ಇದ್ದರೆ ಅದರ ತೂಕ ಕಳೆಯುತ್ತಾರೆ, ಗಾಬರಿಯಾಗಬೇಡಿ. ಒಟ್ಟು ತೂಕ, ನಿವ್ವಳ ತೂಕ ಎರಡೂ ಚೀಟಿಯಲ್ಲಿವೆಯಾ ನೋಡಿ, ಚೀಟಿ ಅವರ ಕೈಗೇ ಕೊಡಿ.